ಚಿಕ್ಕ ವೇದಿಕೆ, ಕಡಿಮೆ ಬೆಳಕು: ಊರಿನ ಲೈವ್ ಸಂಗೀತದ ಫೋಟೋ ತೆಗೆಯೋದು ಹೇಗೆ?

ಹೊಸಲೆನ್ಸ್

ಊರಲ್ಲೇ ನಡೆಯುವ ಚಿಕ್ಕ ಬ್ಯಾಂಡುಗಳ, ಓಪನ್ ಮೈಕ್‌ಗಳ ಫೋಟೋ ತೆಗೀತಿದ್ದೇನೆ. ನೂರು ನೂರೈವತ್ತು ಜನ ಹಿಡಿಯುವ ಜಾಗ, ಮೊಣಕಾಲೆತ್ತರದ ವೇದಿಕೆ, ಮೇಲೆ ಐದಾರು ಎಲ್‌ಇಡಿ ಪಾರ್ ಲೈಟು (ಡಬ್ಬಿಯಂಥ ವೇದಿಕೆ ದೀಪ). ಇರೋದು ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿ, 24-105 ಎಂಎಂ ಎಫ್ 4 ಝೂಮ್ ಲೆನ್ಸ್, 50 ಎಂಎಂ ಎಫ್ 1.8 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬೆಳಕು ಹೆಚ್ಚು). ತೊಂದರೆ ಮೂರು. ಮುಖ ಸುಟ್ಟು ಬಿಳಿಯಾಗುತ್ತೆ, ಇಲ್ಲಾ ಕೆಂಪು ಮುದ್ದೆಯಾಗುತ್ತೆ. ಸೈಲೆಂಟ್ (ಸದ್ದಿಲ್ಲದ, ಎಲೆಕ್ಟ್ರಾನಿಕ್) ಶಟರ್ ಹಾಕಿದರೆ ಅಡ್ಡಡ್ಡ ಪಟ್ಟೆ ಬರುತ್ತೆ. ಹಾಡೋರ ಕಣ್ಣಿನ ಬದಲು ಮೈಕಿನ ಜಾಲರಿ ಶಾರ್ಪ್ ಆಗಿರುತ್ತೆ. ದುಡ್ಡು ಹಾಕೋ ಮುಂಚೆ ಇರೋದರಲ್ಲೇ ಏನೇನು ಸರಿಮಾಡ್ಕೋಬಹುದು, ತಿಳಿದವರು ಹೇಳಿ.

ಮಂದಬೆಳಕು

ಮುಖ ಸುಡೋದಕ್ಕೆ ಕಾರಣ ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯೋ ರೀತಿ. ಫ್ರೇಮಿನ ಮುಕ್ಕಾಲು ಪಾಲು ಕಪ್ಪು ಹಿನ್ನೆಲೆ ಇದ್ದಾಗ ಕ್ಯಾಮೆರಾ ಆ ಕಪ್ಪನ್ನು ಬೂದು ಮಾಡೋಕೆ ಹೊರಡುತ್ತೆ. ಅಷ್ಟು ಹೊತ್ತಿಗೆ ಲೈಟಿನ ಕೆಳಗಿರೋ ಮುಖ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಜಾಸ್ತಿಯಾಗಿ ಹಾರಿಹೋಗಿರುತ್ತೆ. ಹಾಗಾಗಿ ಮ್ಯಾನ್ಯುಯಲ್‌ಗೆ ಹೋಗಿ. 50 ಎಂಎಂ ಹಾಕಿ, ಎಫ್ 2, 1/200, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 3200 ಇಟ್ಟು ಒಂದು ಫೋಟೋ ತೆಗೀರಿ. ಸ್ಕ್ರೀನ್ ಮೇಲೆ ಹೈಲೈಟ್ ಎಚ್ಚರಿಕೆ (ಸುಟ್ಟ ಜಾಗವನ್ನ ಮಿಣುಕಿಸಿ ತೋರಿಸೋದು) ಆನ್ ಇರಲಿ. ಹಣೆ, ಮೂಗಿನ ತುದಿ ಮಿಣುಕಿದರೆ ಐಎಸ್‌ಒ ಇಳಿಸಿ, ಮಿಣುಕದೇ ಇದ್ದರೆ ಏರಿಸಿ. ಬಿಳಿ ಅಂಗಿ, ಡ್ರಮ್ಮಿನ ತಾಳ (ಸಿಂಬಲ್), ಗಿಟಾರಿನ ಲೋಹದ ಭಾಗ ಮಿಣುಕಿದರೆ ತಲೆ ಕೆಡಿಸ್ಕೋಬೇಡಿ. ನೋಡಬೇಕಾದ್ದು ಚರ್ಮ ಮಾತ್ರ.

ಎಫ್ 4 ಝೂಮಿನ ಲೆಕ್ಕ ಹೀಗೆ. ಎಫ್ 2ರಿಂದ ಎಫ್ 4ಕ್ಕೆ ಎರಡು ಸ್ಟಾಪ್. 3200ರಲ್ಲಿ ಬರ್ತಿದ್ದ ಚಿತ್ರಕ್ಕೆ 12800 ಬೇಕು. ಎಫ್ 5.6ರ ಕಿಟ್ ಲೆನ್ಸ್ ಆದರೆ 25600. ಇವತ್ತಿನ ಫುಲ್ ಫ್ರೇಮ್ ಸೆನ್ಸರಿನಲ್ಲಿ 12800 ಕೂಡ ನಡೆಯುತ್ತೆ, ಬೆಳಕು ಮುಖದ ಮೇಲೆ ಸರಿಯಾಗಿ ಬಿದ್ದಿದ್ದರೆ. 3200ರಲ್ಲಿ ಕತ್ತಲಾಗಿ ತೆಗೆದು ಕಂಪ್ಯೂಟರಿನಲ್ಲಿ ಎರಡು ಸ್ಟಾಪ್ ಎತ್ತಿದರೂ ನಾಯ್ಸ್ ಹೆಚ್ಚು ಕಡಿಮೆ ಅಷ್ಟೇ ಬರುತ್ತೆ. ಸಂಖ್ಯೆಗೆ ಹೆದರಿ ಶಟರ್ 1/60ಕ್ಕೆ ಇಳಿಸಬೇಡಿ. ನಾಯ್ಸ್ ತೆಗೆಯೋ ಸಾಫ್ಟ್‌ವೇರ್ ಇದೆ, ಅಲುಗಾಡಿದ ಮುಖವನ್ನ ಚೆನ್ನಾಗಿ ಸರಿಮಾಡೋದು ಕಷ್ಟ.

ಬಾಡಿಯಲ್ಲಿರೋ ಸ್ಟೆಬಿಲೈಸೇಶನ್ ನಿಮ್ಮ ಕೈನಡುಕ ತಡೆಯುತ್ತೆ, ಹಾಡೋರ ತಲೆ ಅಲ್ಲಾಡೋದನ್ನಲ್ಲ. ಇದನ್ನ ಬಹಳ ಜನ ಮರೀತಾರೆ.

ನೆರಳುಬೆಳಕು

ಮಂದಬೆಳಕು ಹೇಳಿದ ಮ್ಯಾನ್ಯುಯಲ್ ಪಾಠ ಬೆಳಕು ಒಂದೇ ತರ ನಿಂತಿರೋ ಕಡೆಗೆ ಸರಿ. ಹಾಡಿನ ತಾಳಕ್ಕೆ ಲೈಟು ಬದಲಾಗೋ ವೇದಿಕೆಯಲ್ಲಿ ಪ್ರತಿ ನಾಲ್ಕು ಬೀಟಿಗೂ ಡಯಲ್ ತಿರುಗಿಸೋಕೆ ಆಗಲ್ಲ. ಅಲ್ಲಿ ಶಟರ್, ಅಪರ್ಚರ್ ಮ್ಯಾನ್ಯುಯಲ್ಲಾಗಿ ಇಟ್ಟು, ಆಟೋ ಐಎಸ್‌ಒ ಬಿಟ್ಟು, ಮೀಟರಿಂಗನ್ನ ಹೈಲೈಟ್ ಮೋಡಿಗೆ ಹಾಕಿ. ನಿಕಾನ್, ಸೋನಿಯ ಈಚಿನ ಹಲವು ಬಾಡಿಗಳಲ್ಲಿ ಈ ಮೋಡ್ ಸಿಗುತ್ತೆ. ಫ್ರೇಮಿನಲ್ಲಿ ಅತಿ ಹೊಳಪಿರೋ ಜಾಗ ಸುಡದ ಹಾಗೆ ಅದು ಎಕ್ಸ್‌ಪೋಶರ್ ಹಿಡಿಯುತ್ತೆ. ಆ ಮೋಡ್ ಇಲ್ಲದಿದ್ದರೆ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕು ಮಾತ್ರ ಅಳೆಯೋದು) ಹಾಕಿ, ಅಥವಾ ಮಾಮೂಲಿ ಮೀಟರಿಂಗಿನಲ್ಲೇ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 1ರಿಂದ ಮೈನಸ್ 1.7ರ ತನಕ ಇಳಿಸಿ.

ಮಂದಬೆಳಕು

ಒಪ್ಪಿದೆ, ಒಂದು ಮಾತು ಸೇರಿಸಿ. ಹೈಲೈಟ್ ಮೋಡಿನಲ್ಲಿ ವೇದಿಕೆಯ ಹಿಂದಿನ ಲೈಟು ನೇರ ಲೆನ್ಸಿಗೆ ಹೊಡೆದರೆ ಕ್ಯಾಮೆರಾ ಆ ಬಲ್ಬನ್ನೇ ಉಳಿಸೋಕೆ ಹೋಗಿ ಮುಖವನ್ನ ಪೂರ್ತಿ ಕಪ್ಪು ಮಾಡುತ್ತೆ. ಹಿಂದಿನ ಲೈಟು ಫ್ರೇಮಿನೊಳಗಿದ್ದರೆ ಮ್ಯಾನ್ಯುಯಲ್ಲೇ ಗತಿ.

ಪರದೆ_ಓಟ

ಪಟ್ಟೆಯ ವಿಷಯಕ್ಕೆ ಬರೋಣ. ಕಾರಣ ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತೆ.

ಎಲ್‌ಇಡಿ ಲೈಟಿನ ಬೆಳಕು ತಗ್ಗಿಸೋದು ಹೆಚ್ಚಾಗಿ ಕರೆಂಟು ಕಡಿಮೆ ಮಾಡಿ ಅಲ್ಲ, ಸೆಕೆಂಡಿಗೆ ಕೆಲವು ನೂರರಿಂದ ಸಾವಿರಾರು ಸಲ ಆನ್ ಆಫ್ ಮಾಡಿ. ಕಣ್ಣಿಗೆ ಗೊತ್ತಾಗಲ್ಲ. ಸೈಲೆಂಟ್ ಶಟರ್‌ನಲ್ಲಿ ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದ್ಕೊಂಡು ಬರುತ್ತೆ. ಸ್ಟ್ಯಾಕ್ಡ್ (ಬಹಳ ಬೇಗ ಓದೋ ಬಗೆ) ಅಲ್ಲದ ಫುಲ್ ಫ್ರೇಮ್ ಸೆನ್ಸರಿಗೆ ಪೂರ್ತಿ ಓದೋಕೆ 1/15ರಿಂದ 1/60 ಸೆಕೆಂಡ್ ತನಕ ಬೇಕಾಗಬಹುದು. 1/25 ಅಂತಿಟ್ಟುಕೊಳ್ಳಿ. ಲೈಟು ಸೆಕೆಂಡಿಗೆ 600 ಸಲ ಮಿಣುಕುತ್ತಿದ್ದರೆ 600ನ್ನ 25ರಿಂದ ಭಾಗಿಸಿ: 24 ಪಟ್ಟೆ. ಮೆಕ್ಯಾನಿಕಲ್ ಶಟರ್‌ನ ಪರದೆ ಸುಮಾರು 1/250 ಸೆಕೆಂಡಿನಲ್ಲಿ ಓಡಿ ಮುಗಿಸುತ್ತೆ, ಅಲ್ಲಿ ಅದೇ ಲೈಟಿಗೆ ಎರಡೂವರೆ ಪಟ್ಟೆಗಿಂತ ಜಾಸ್ತಿ ಬರೋ ಹಾಗಿಲ್ಲ. ಎಕ್ಸ್‌ಪೋಶರ್ 1/125 ಇದ್ದರೆ ಅಷ್ಟರೊಳಗೆ ಸುಮಾರು ಐದು ಮಿಣುಕು ಸೇರ್ಕೊಳ್ಳೋದರಿಂದ ಅವೂ ಮಾಸಿಹೋಗುತ್ತವೆ.

ಅಂದರೆ ಕೆಲಸ ಇಷ್ಟು. ಮೊದಲು ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಶುರು ಎಲೆಕ್ಟ್ರಾನಿಕ್, ಮುಗಿಸೋದು ಪರದೆ) ಇಟ್ಟರೂ ಪರವಾಗಿಲ್ಲ, ಸದ್ದು ಸ್ವಲ್ಪ ಕಡಿಮೆ. ಆಮೇಲೆ ಅನಗತ್ಯವಾಗಿ ವೇಗ ಏರಿಸಬೇಡಿ. 1/800ರಲ್ಲಿ ಕಾಣೋ ಪಟ್ಟೆ 1/160ರಲ್ಲಿ ಮಾಯ ಆಗಬಹುದು. ಮನೆ ಕರೆಂಟಿನ ಟ್ಯೂಬ್‌ಲೈಟ್, ಅಗ್ಗದ ಬಲ್ಬ್ ಬೆರೆತಿದ್ದರೆ ಅವು 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/100 ಅಥವಾ 1/50 ಇಟ್ಟರೆ ಪಟ್ಟೆ ಇಲ್ಲ. 60 ಹರ್ಟ್ಜ್ ಇರೋ ಕಡೆ 1/125 ಅಥವಾ 1/60. ಕ್ಯಾಮೆರಾದ ಮಾಮೂಲಿ ಆಂಟಿ-ಫ್ಲಿಕರ್ ಸೆಟ್ಟಿಂಗ್ ಈ 100, 120ರ ಮಿಣುಕಿಗೆ ಮಾತ್ರ. ವೇದಿಕೆಯ ಎಲ್‌ಇಡಿಗೆ ಅದು ಕೆಲಸ ಮಾಡಲ್ಲ. ಕೆಲವು ಬಾಡಿಗಳಲ್ಲಿ ಶಟರ್ ವೇಗವನ್ನ 1/203.2 ಅನ್ನೋ ತರ ಚೂರುಚೂರೇ ಬದಲಿಸೋ ಹೈ ಫ್ರೀಕ್ವೆನ್ಸಿ ಮೋಡ್ ಇರುತ್ತೆ. ಲೈವ್ ವ್ಯೂನಲ್ಲಿ ಪಟ್ಟೆ ಕಾಣೆಯಾಗೋ ತನಕ ಡಯಲ್ ತಿರುಗಿಸಿ, ಅಲ್ಲಿ ನಿಲ್ಲಿಸಿ. ಶಟರ್ ತೆರೆದಿರೋ ಹೊತ್ತಿಗೆ ಪೂರ್ಣ ಸಂಖ್ಯೆಯ ಮಿಣುಕುಗಳು ಸರಿಯಾಗಿ ಹೊಂದಿದಾಗ ಪಟ್ಟೆ ಅಳಿಸಿಹೋಗುತ್ತೆ.

ಇನ್ನೊಂದು: ಪೂರ್ತಿ ಹೊಳಪಿಗೆ ಇಟ್ಟ ಎಲ್‌ಇಡಿ ಆನ್ ಆಗಿಯೇ ಇರುತ್ತೆ, ಹಾಗಾಗಿ ಮಿಣುಕು ತೀರಾ ಕಡಿಮೆ. 20%ಗೆ ತಗ್ಗಿಸಿದ ಲೈಟೇ ಅತಿ ಹೆಚ್ಚು ಪಟ್ಟೆ ಹಾಕೋದು.

ಹೊಸಲೆನ್ಸ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಆದರೆ ಒಬ್ಬರೇ ಗಿಟಾರ್ ಹಿಡಿದು ಮೆಲ್ಲಗೆ ಹಾಡೋ ಕಾರ್ಯಕ್ರಮದಲ್ಲಿ ಮೆಕ್ಯಾನಿಕಲ್ ಶಟರಿನ ಟಕ್ ಟಕ್ ಮೂರನೇ ಸಾಲಿನ ತನಕ ಕೇಳುತ್ತೆ. ಅಲ್ಲಿ ಏನು ಮಾಡೋದು?

ಪರದೆ_ಓಟ

ಸೌಂಡ್ ಚೆಕ್‌ನಲ್ಲೇ ಸೈಲೆಂಟ್ ಶಟರ್‌ನಲ್ಲಿ 1/50, 1/100, 1/125, 1/160 ಹೀಗೆ ಒಂದೊಂದು ತೆಗೆದು ಪೂರ್ತಿ ಝೂಮ್ ಮಾಡಿ ನೋಡಿ. ಯಾವುದರಲ್ಲಿ ಪಟ್ಟೆ ಇಲ್ಲವೋ ಅದೇ ಆ ದಿನದ ವೇಗ. ಕೂತು ಹಾಡೋರಿಗೆ 1/100 ಸಾಕಾಗುತ್ತೆ, ತಲೆ ತಿರುಗಿಸದ ಕ್ಷಣಕ್ಕೆ ಕಾಯಬೇಕು ಅಷ್ಟೇ.

ನಾದಪ್ರಿಯೆ

ಯಾವ ಶಟರ್ ಅನ್ನೋದಕ್ಕಿಂತ ಯಾವಾಗ ಒತ್ತಬೇಕು ಅನ್ನೋದೇ ಇಲ್ಲಿ ದೊಡ್ಡದು. ಮೆಲ್ಲಗಿನ ಹಾಡಿನಲ್ಲೂ ಜೋರಾಗೋ ಜಾಗ ಇದ್ದೇ ಇರುತ್ತೆ. ಪಲ್ಲವಿ ಏರೋವಾಗ, ಗಿಟಾರ್ ಜೋರಾಗಿ ಮೀಟೋವಾಗ, ಹಾಡು ಮುಗಿದು ಚಪ್ಪಾಳೆ ಬೀಳೋವಾಗ ಒಂದೆರಡು ಒತ್ತಿ. ಹಾಡು ನಿಂತು ಉಸಿರು ಹಿಡಿದು ಎಲ್ಲರೂ ಕೂತಿರೋ ಮೌನದಲ್ಲಿ ಮಾತ್ರ ಬೇಡ. ಬರ್ಸ್ಟ್ ಮೋಡ್ ಬೇಡವೇ ಬೇಡ. ಆ ಮೌನವೂ ಹಾಡಿನ ಭಾಗವೇ. ಅದನ್ನ ಕೇಳೋಕೆ ಬಂದವರ ಕಿವಿಯಿಂದ ಕಿತ್ತುಕೊಂಡು ತೆಗೆಯೋ ಫೋಟೋ ನನಗಂತೂ ಬೇಡ.

ಬೀಪ್ ಆಫ್, ಫೋಕಸ್ ಅಸಿಸ್ಟ್ ದೀಪ ಆಫ್, ತೆಗೆದ ತಕ್ಷಣ ಸ್ಕ್ರೀನ್ ಮೇಲೆ ಫೋಟೋ ಬರೋದು ಆಫ್, ಸ್ಕ್ರೀನಿನ ಹೊಳಪು ಕನಿಷ್ಠ. ಇಷ್ಟನ್ನ ಒಂದು ಕಸ್ಟಮ್ ಮೋಡಿನಲ್ಲಿ ಉಳಿಸಿಟ್ಟರೆ ಒಳಗೆ ಕಾಲಿಡೋವಾಗ ಡಯಲ್ ಒಂದು ತಿರುಗಿಸಿದರೆ ಸಾಕು. ಫ್ಲಾಶ್ ಬಗ್ಗೆ ಮಾತೇ ಬೇಡ, ಬ್ಯಾಗಿನಲ್ಲೇ ಇರಲಿ.

ಬಣ್ಣದಪೆಟ್ಟಿಗೆ

ಕೆಂಪು ಮುದ್ದೆ ಯಾಕಾಗುತ್ತೆ ಅಂದರೆ, ಸೆನ್ಸರಿನ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಶುದ್ಧ ಕೆಂಪು ಎಲ್‌ಇಡಿ ಹೊಡೆದಾಗ ಬೆಳಕು ಕಾಣೋದು ನಾಲ್ಕರಲ್ಲಿ ಒಂದಕ್ಕೆ. ಮಿಕ್ಕ ಮೂರಕ್ಕೆ ಹೆಚ್ಚುಕಮ್ಮಿ ಕತ್ತಲೆ. ವಿವರ ಕಡಿಮೆ, ನಾಯ್ಸ್ ಜಾಸ್ತಿ. ಮೇಲಾಗಿ ಆ ಒಂದು ಬಣ್ಣದ ಚಾನೆಲ್ ಸುಟ್ಟರೆ ಕೆನ್ನೆ, ಮೂಗು, ಗಲ್ಲ ಎಲ್ಲಾ ಒಂದೇ ಕೆಂಪು.

ಸಾದಾ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಹೊಳಪು ತೋರಿಸೋ ಗ್ರಾಫು) ಇಲ್ಲಿ ಮೋಸ ಮಾಡುತ್ತೆ. ಒಟ್ಟು ಹೊಳಪು ಲೆಕ್ಕ ಹಾಕೋವಾಗ ಹಸಿರಿಗೆ ಸುಮಾರು 59%, ಕೆಂಪಿಗೆ 30%, ನೀಲಿಗೆ 11% ಪಾಲು ಕೊಡೋದು ವಾಡಿಕೆ. ನೀಲಿ ಚಾನೆಲ್ ಪೂರ್ತಿ ಸುಟ್ಟಿದ್ದರೂ ಗ್ರಾಫು ಎಡಗಡೆ ತೆಪ್ಪಗೆ ಕೂತಿರುತ್ತೆ. ಮೂರೂ ಬಣ್ಣ ಬೇರೆ ಬೇರೆ ತೋರಿಸೋ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿ. ಕೆಂಪು ಅಥವಾ ನೀಲಿ ಬಲಗಡೆ ಗೋಡೆಗೆ ಅಂಟಿದರೆ ಒಂದರಿಂದ ಒಂದೂಕಾಲು ಸ್ಟಾಪ್ ಇಳಿಸಿ, ಉಳಿದದ್ದು ಎಷ್ಟೇ ಕತ್ತಲಾಗಿ ಕಂಡರೂ ಸರಿ. ಪಿಕ್ಚರ್ ಪ್ರೊಫೈಲ್ ನ್ಯೂಟ್ರಲ್‌ಗೆ ಹಾಕಿ. ಹಿಸ್ಟೋಗ್ರಾಮ್ ತಯಾರಾಗೋದು ಜೆಪೆಗ್ ಪ್ರಿವ್ಯೂನಿಂದ, ವಿವಿಡ್ ಪ್ರೊಫೈಲ್ ಇದ್ದರೆ ಅದು ಇಲ್ಲದ ಸುಡುವಿಕೆ ತೋರಿಸುತ್ತೆ. ಫೈಲ್ ಮಾತ್ರ ಯಾವತ್ತೂ ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್).

ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ ಹೊಂದಿಸೋದು) ಆಟೋ ಬೇಡ. ಪ್ರತಿ ಫ್ರೇಮಿಗೂ ಅದು ಬೇರೆ ಬಣ್ಣ ಊಹಿಸುತ್ತೆ, ಆಮೇಲೆ ಐವತ್ತು ಫೋಟೋ ಒಂದೇ ತರ ಮಾಡೋಕೆ ರಾತ್ರಿಯೆಲ್ಲಾ ಕೂರಬೇಕು. 4000 ಕೆಲ್ವಿನ್‌ಗೆ ನಿಲ್ಲಿಸಿಬಿಡಿ. ಎಡಿಟ್ ಮಾಡೋವಾಗ ಮುಂದಿನ ಬಿಳಿ ಲೈಟನ್ನ ಆಧಾರವಾಗಿಟ್ಟು ಸರಿಮಾಡಿ, ಹಿಂದಿನ ಬಣ್ಣದ ಲೈಟು ಬಣ್ಣದ್ದಾಗೇ ಇರಲಿ. ನೇರಳೆ, ನೀಲಿ ತೀರಾ ಕಣ್ಣಿಗೆ ಹೊಡೆದರೆ ಲೈಟ್‌ರೂಮಿನ ಕ್ಯಾಲಿಬ್ರೇಶನ್ ಪ್ಯಾನೆಲ್‌ನಲ್ಲಿ ಬ್ಲೂ ಪ್ರೈಮರಿಯ ಸ್ಯಾಚುರೇಶನ್ ಇಳಿಸಿ, ಹ್ಯೂ ಸ್ವಲ್ಪ ಎಡಕ್ಕೆ ಎಳೀರಿ. ಚರ್ಮದ ಮೇಲಿನ ತೇಪೆ ಕರಗುತ್ತೆ.

ನೆರಳುಬೆಳಕು

ಇಷ್ಟೆಲ್ಲಾ ಯಾಕೆ, ಕೆಂಪು ಬಂದರೆ ಕಪ್ಪುಬಿಳುಪು ಮಾಡಿ ಮುಗಿಸಿ.

ಬಣ್ಣದಪೆಟ್ಟಿಗೆ

ಕಪ್ಪುಬಿಳುಪು ಒಳ್ಳೇ ದಾರಿಯೇ, ಆದರೆ ಎರಡು ಷರತ್ತು. ಚಾನೆಲ್ ಸುಟ್ಟಿರಬಾರದು, ಸುಟ್ಟ ಕೆಂಪು ಕಪ್ಪುಬಿಳುಪಿನಲ್ಲಿ ಸುಟ್ಟ ಬಿಳಿಯಾಗುತ್ತೆ, ಅಷ್ಟೇ. ಮತ್ತೆ ಬರೀ ಸ್ಯಾಚುರೇಶನ್ ಸೊನ್ನೆ ಮಾಡಿದರೆ ಮೂರೂ ಚಾನೆಲ್ ಬೆರೆತು, ಏನೂ ಇಲ್ಲದ ಹಸಿರು ನೀಲಿಯ ನಾಯ್ಸೂ ಜೊತೆಗೆ ಬರುತ್ತೆ. ಚಾನೆಲ್ ಮಿಕ್ಸರ್‌ನಲ್ಲಿ ಮೊನೊಕ್ರೋಮ್ ಆರಿಸಿ ಕೆಂಪು 100, ಹಸಿರು 0, ನೀಲಿ 0 ಇಡಿ. ನೀಲಿ ಬೆಳಕಾದರೆ ನೀಲಿ 100, ಮಿಕ್ಕವು 0. ಅದೇ ಫೈಲಿನಲ್ಲಿ ಕಣ್ಣುರೆಪ್ಪೆ, ಬೆವರ ಹನಿ ಎದ್ದು ಬರೋದನ್ನ ನೋಡಿ.

ಆದರೆ ಎಲ್ಲಾ ಫೋಟೋ ಕಪ್ಪುಬಿಳುಪು ಮಾಡೋದು ನನಗೆ ಸರಿ ಕಾಣಲ್ಲ. ಆ ಸಂಜೆಯ ಬಣ್ಣವೂ ಆ ಸಂಜೆಯದ್ದೇ.

ಮೈಕಿನಾಚೆ

ಫೋಕಸ್ ವಿಚಾರ. 50 ಎಂಎಂ, ಎಫ್ 1.8, ಎರಡು ಮೀಟರ್ ದೂರ: ಶಾರ್ಪ್ ಆಗಿರೋ ಆಳ ಒಟ್ಟು 17 ಸೆಂಟಿಮೀಟರ್ ಆಸುಪಾಸು. 85 ಎಂಎಂ, ಎಫ್ 1.8, ಮೂರು ಮೀಟರ್ ಆದರೆ 13. ಮೈಕಿನ ತಲೆಯಿಂದ ಕಣ್ಣಿಗೆ ಹತ್ತು ಹನ್ನೆರಡು ಸೆಂಟಿಮೀಟರ್ ಇರುತ್ತೆ. ಫೋಕಸ್ ಮೈಕಿಗೆ ಕೂತರೆ ಅದರ ಹಿಂದೆ ಉಳಿಯೋ ಆಳ ಏಳರಿಂದ ಒಂಬತ್ತು ಸೆಂಟಿಮೀಟರ್, ಕಣ್ಣು ಅದರಾಚೆ. ಎಫ್ 2.8ಕ್ಕೆ ಮುಚ್ಚಿದರೆ ಆಳ ಒಂದೂವರೆ ಪಟ್ಟು, ಐಎಸ್‌ಒ ಒಂದೂಕಾಲು ಸ್ಟಾಪ್ ಜಾಸ್ತಿ. ಈ ವ್ಯಾಪಾರ ಬಹಳ ಸಲ ಲಾಭದ್ದೇ.

ಕ್ಯಾಮೆರಾ ಮೈಕನ್ನ ಹಿಡಿಯೋದು ಯಾಕಂದರೆ ಆ ಬೆಳ್ಳಿ ಜಾಲರಿಯಲ್ಲಿ ಕಾಂಟ್ರಾಸ್ಟ್ ಜಾಸ್ತಿ, ಮತ್ತೆ ಅದು ಹತ್ತಿರ ಇದೆ. ಕಣ್ಣು ಗುರುತಿಸೋ ಆಟೋಫೋಕಸ್ ಮೈಕು ಬಾಯಿ ಮುಚ್ಚಿದಾಗ, ಟೋಪಿಯ ನೆರಳು ಬಿದ್ದಾಗ, ಕೂದಲು ಮುಖಕ್ಕೆ ಬಂದಾಗ ಕೈಕೊಡುತ್ತೆ. ಅಂಥ ಹೊತ್ತಿಗೆ ಒಂದು ಗುಂಡಿಗೆ ಸಿಂಗಲ್ ಪಾಯಿಂಟ್ ಕಟ್ಟಿಟ್ಟುಕೊಳ್ಳಿ. ಪಾಯಿಂಟನ್ನ ಹುಬ್ಬಿನ ಮೇಲೆ ಇಡಿ, ಕೆನ್ನೆಯ ಮೇಲಲ್ಲ. ನುಣುಪು ಚರ್ಮದಲ್ಲಿ ಹಿಡಿಯೋಕೆ ಏನೂ ಇರಲ್ಲ, ಹುಬ್ಬಿನಲ್ಲಿ ಗೆರೆ ಇರುತ್ತೆ. ಕಂಟಿನ್ಯುಯಸ್ ಆಟೋಫೋಕಸ್ ಇರಲಿ, ಯಾಕಂದರೆ ಹಾಡೋರು ಮೈಕಿಗೆ ಬಾಗಿ ಹಿಂದಕ್ಕೆ ಸರೀತಾನೇ ಇರ್ತಾರೆ.

ಇದಕ್ಕಿಂತ ಮುಖ್ಯ ನೀವು ನಿಲ್ಲೋ ಜಾಗ. ಎದುರಿಗೆ ನಿಂತರೆ ಮೈಕು ಬಾಯಿಯನ್ನ ನುಂಗುತ್ತೆ. ಬಲಗೈಲಿ ಮೈಕ್ ಹಿಡಿದವರಾದರೆ ಅವರ ಎಡಭುಜದ ಕಡೆಗೆ 30ರಿಂದ 45 ಡಿಗ್ರಿ ಸರೀರಿ. ಕೈಯೂ ಅಡ್ಡ ಬರಲ್ಲ. ವೇದಿಕೆಗೆ ಅಂಟಿ ಕೆಳಗಿಂದ ತೆಗೆದರೆ ಮೂಗಿನ ಹೊಳ್ಳೆ, ಗಲ್ಲ, ಮೈಕು. ಎರಡು ಮೀಟರ್ ಹಿಂದೆ ಹೋಗಿ ಪಕ್ಕದ ಗೋಡೆಗೆ ನಿಂತರೆ ಅದೇ ಮುಖ ಮುಖದ ಹಾಗೆ ಕಾಣುತ್ತೆ. ನಿಮ್ಮ 24-105ರ ಉದ್ದನೆ ತುದಿ ಇಲ್ಲಿ ಉಪಯೋಗಕ್ಕೆ ಬರುತ್ತೆ. ಐದು ಮೀಟರಿನಲ್ಲಿ 105 ಎಂಎಂ, ಎಫ್ 4 ಅಂದರೆ ಅರ್ಧ ಮೀಟರ್ ಆಳ, ಫೋಕಸ್ ಕೈಕೊಡೋದು ಅಪರೂಪ.

ಬಾಯಿ ಅಗಲ ತೆರೆದ ಕ್ಷಣವೇ ಒಳ್ಳೇದು ಅಂತಲ್ಲ. ಸಾಲು ಮುಗಿದು ಮೈಕಿನಿಂದ ಒಂದು ಗೇಣು ಹಿಂದೆ ಸರಿದು ಉಸಿರೆಳೆದುಕೊಳ್ಳೋ ಅರ್ಧ ಸೆಕೆಂಡ್ ಇದೆಯಲ್ಲ, ಅಲ್ಲಿ ಮುಖದಲ್ಲಿ ಹಾಡು ಇನ್ನೂ ಉಳಿದಿರುತ್ತೆ, ಮೈಕು ಅಡ್ಡ ಇರಲ್ಲ.

ಲಯ

ಆ ಅರ್ಧ ಸೆಕೆಂಡ್ ಯಾವಾಗ ಬರುತ್ತೆ ಅಂತ ಗೊತ್ತಾಗಬೇಕಾದರೆ ಹಾಡು ಗೊತ್ತಿರಬೇಕು. ಊರಿನ ಬ್ಯಾಂಡುಗಳ ಫೋಟೋ ತೆಗೆಯೋದರಲ್ಲಿ ಇರೋ ನಿಜವಾದ ಅನುಕೂಲ ಇದೇ. ಅದೇ ಜನ, ಅದೇ ಹಾಡು ಮತ್ತೆ ಮತ್ತೆ ಸಿಗ್ತಾರೆ. ದೊಡ್ಡ ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಮೊದಲ ಮೂರು ಹಾಡು ಮುಗಿದ ಮೇಲೆ ಫೋಟೋಗ್ರಾಫರ್‌ಗಳನ್ನ ಹೊರಗೆ ಕಳಿಸ್ತಾರೆ; ಇಲ್ಲಿ ಕೊನೇ ಹಾಡಿನ ತನಕ ಇರಬಹುದು.

ಪಲ್ಲವಿ ಮೊದಲ ಸಲ ಬಂದಾಗ ಕ್ಯಾಮೆರಾ ಕೆಳಗಿಟ್ಟು ನೋಡಿ. ಗಿಟಾರ್‌ನವರು ಯಾವ ಕಡೆ ತಿರುಗ್ತಾರೆ, ಹಾಡೋರ ಕೈ ಎಲ್ಲಿಗೆ ಹೋಗುತ್ತೆ, ಯಾರು ಯಾರನ್ನ ನೋಡಿ ನಗ್ತಾರೆ. ಎರಡನೇ ಸಲ ಬರೋ ಹೊತ್ತಿಗೆ ನೀವು ಸರಿಯಾದ ಜಾಗದಲ್ಲಿ, ಸರಿಯಾದ ಲೆನ್ಸಿನ ಜೊತೆ ನಿಂತಿರಬೇಕು. ಹಾಡುಗಳ ಪಟ್ಟಿಯನ್ನ ಮುಂಚೆಯೇ ಕೇಳಿ ಇಸ್ಕೊಳ್ಳಿ, ಯಾರೂ ಇಲ್ಲ ಅನ್ನಲ್ಲ.

ವಾದ್ಯದ ವೇಗ ಹೀಗೆ. ಡ್ರಮ್ಮರ್‌ಗೆ 1/250ರಲ್ಲಿ ಮುಖ ನಿಲ್ಲುತ್ತೆ, ಕೋಲು ಮಸುಕಾಗುತ್ತೆ; ಇದು ಚೆನ್ನಾಗೇ ಕಾಣುತ್ತೆ. ಕೋಲೂ ನಿಲ್ಲಬೇಕು ಅಂದರೆ 1/1000 ಬೇಕು, ಚಿಕ್ಕ ವೇದಿಕೆಯಲ್ಲಿ ಅಷ್ಟು ಬೆಳಕು ಇರಲ್ಲ. ಉಪಾಯ ಏನಂದರೆ ಕೋಲು ಮೇಲೆ ಹೋಗಿ ತಿರುಗೋ ಕ್ಷಣದಲ್ಲಿ ಅದರ ವೇಗ ಸೊನ್ನೆ. ಅಲ್ಲಿ ಹಿಡಿದರೆ 1/250 ಸಾಕು. ಪಿಟೀಲಿನ ಕಮಾನೂ ಹಾಗೇ, ಎರಡೂ ತುದಿಯಲ್ಲಿ ದಿಕ್ಕು ಬದಲಿಸೋವಾಗ ನಿಂತಿರುತ್ತೆ, ಕೈ ಪೂರ್ತಿ ಚಾಚಿರೋದರಿಂದ ಆಕಾರವೂ ಚೆಂದ. ಗಿಟಾರನ್ನ ಅದರ ಕತ್ತು ನೇರ ನಿಮ್ಮತ್ತ ಚಾಚಿರೋ ಕಡೆಯಿಂದ ತೆಗೆದರೆ ಮೊಂಡಾಗಿ ಕಾಣುತ್ತೆ, ಒಂದೆರಡು ಹೆಜ್ಜೆ ಪಕ್ಕಕ್ಕೆ ಹೋಗಿ ಎರಡೂ ಕೈ ಕಾಣೋ ಹಾಗೆ ನಿಲ್ಲಿ. ಕೀಬೋರ್ಡ್ ನುಡಿಸೋರನ್ನ ಎದುರಿಂದ ತೆಗೆದರೆ ಬೆರಳೇ ಕಾಣಲ್ಲ, ಪಕ್ಕಕ್ಕೆ ಬನ್ನಿ. ಕೊಳಲಿಗೆ ವಾದಕರ ಮುಖ ತಿರುಗಿರೋ ಕಡೆ.

ಡ್ರಮ್ಮರ್ ಯಾವಾಗಲೂ ಹಿಂದೆ, ಕತ್ತಲಲ್ಲಿ, ತಾಳಗಳ ಮರೆಯಲ್ಲಿ. ವೇದಿಕೆಯ ಪಕ್ಕದಿಂದ ತಾಳ ಮತ್ತು ಸ್ನೇರ್ ಡ್ರಮ್ ನಡುವಿನ ಸಂದಿಯಲ್ಲಿ ಮುಖ ಹುಡುಕಿ. ಅವರ ಒಂದು ಒಳ್ಳೇ ಫೋಟೋ ಆದರೂ ಪ್ರತಿ ಸಲ ತೆಗೀರಿ. ಬ್ಯಾಂಡಿನಲ್ಲಿ ಫೋಟೋನೇ ಇಲ್ಲದವರು ಅವರು.

ಮಿಕ್ಸರ್‌ಹಿಂದೆ

ಸೌಂಡ್ ಕಡೆಯಿಂದ ಕೆಲವು ಮಾತು. ಮಿಕ್ಸರ್ ಮುಂದೆ ನಿಲ್ಲಬೇಡಿ, ನಮಗೆ ವೇದಿಕೆ ಕಾಣಬೇಕು. ಕೇಬಲ್ ತುಳಿಯಬೇಡಿ, ದಾಟಿ. ನೆಲದ ಮೇಲಿರೋ ಮಾನಿಟರ್ ಸ್ಪೀಕರನ್ನ ಮೊಣಕೈ ಇಡೋ ಮೇಜು ಮಾಡ್ಕೋಬೇಡಿ, ಅದು ಒಂದು ಅಂಗುಲ ತಿರುಗಿದರೂ ಮೈಕಿಗೆ ಫೀಡ್‌ಬ್ಯಾಕ್ (ಕೀಂ ಅನ್ನೋ ಕಿರುಚು) ಹೊಡೆಯಬಹುದು. ಮೈಕ್ ಸ್ಟ್ಯಾಂಡಿಗೆ ಕ್ಯಾಮೆರಾ ಪಟ್ಟಿ ಸಿಕ್ಕಿಸ್ಕೊಳ್ಳೋದು ಹೊಸಬರ ಸಾಮಾನ್ಯ ಅವಾಂತರ. ಪಟ್ಟಿಯನ್ನ ಕೈಗೆ ಸುತ್ತಿಕೊಳ್ಳಿ. ಜನರ ಮುಂದೆ ನಿಂತರೆ ಒಂದು ಹಾಡಿನ ಅರ್ಧ ಭಾಗ ಸಾಕು, ಆಮೇಲೆ ಬಗ್ಗಿ ಸರಿದು ಹೋಗಿ.

ಸೌಂಡ್ ಚೆಕ್‌ಗೆ ಬನ್ನಿ. ಕೆಲಸದ ಬಿಳಿ ಲೈಟು ಉರೀತಿರುತ್ತೆ, ಎರಡು ಸ್ಟಾಪ್ ಆದರೂ ಹೆಚ್ಚು ಬೆಳಕು, ವೇದಿಕೆ ಮೇಲೇ ಓಡಾಡಬಹುದು. ಕೈ, ತಂತಿ, ಪೆಡಲ್ ಬೋರ್ಡಿನ ಹತ್ತಿರದ ಫೋಟೋಗಳೆಲ್ಲಾ ಅಲ್ಲೇ ಮುಗಿಸಿ. ಬಂದ ತಕ್ಷಣ ನಮಗೊಂದು ಮಾತು ಹೇಳಿ.

ಕಿವಿ. ಇದನ್ನ ಯಾರೂ ಹೇಳಿಲ್ಲ, ನಾನು ಒತ್ತಿ ಹೇಳ್ತೀನಿ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಅನ್ನೋದು ಕೆಲಸಗಾರರ ಆರೋಗ್ಯ ನೋಡೋ ಅಮೆರಿಕದ ನಯಾಶ್ (NIOSH) ಸಂಸ್ಥೆ ಶಿಫಾರಸು ಮಾಡಿರೋ ಮಿತಿ. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಡ್ರಮ್ಮಿನ ಪಕ್ಕ, ಸ್ಪೀಕರಿನ ಬಾಯಲ್ಲಿ 100 ದಾಟೋದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಕೊಟ್ಟ ಮೇಲ್ಮಿತಿಯೂ 15 ನಿಮಿಷದ ಸರಾಸರಿ 100 ಡೆಸಿಬೆಲ್ಲೇ, ಮತ್ತೆ ಅದು ಜನ ಕೂರೋ ಕಡೆಗೆ. ನೀವು ನಿಲ್ಲೋದು ಅದಕ್ಕಿಂತ ಹತ್ತಿರ. ಸಂಗೀತಗಾರರ ಫಿಲ್ಟರ್ ಇಯರ್‌ಪ್ಲಗ್ ಹಾಕಿದರೆ ದನಿ ಸ್ಪಷ್ಟವಾಗೇ ಕೇಳುತ್ತೆ, ಜೋರು ಮಾತ್ರ ಇಳಿಯುತ್ತೆ. ಫೋಮ್ ಪ್ಲಗ್ ಆದರೆ ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನ ಮೇಲಕ್ಕೆಳೆದು ತೂರಿಸಿ, ಅದು ಹಿಗ್ಗೋ ತನಕ ಅರ್ಧ ನಿಮಿಷ ಒತ್ತಿ ಹಿಡೀರಿ. ಹೊರಗೇ ನೇತಾಡ್ತಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ.

ಲೇಸರ್ ಇದ್ದರೆ ಅದರ ಕಿರಣ ಲೆನ್ಸಿನೊಳಗೆ ನೇರ ಬೀಳೋ ಕಡೆ ನಿಲ್ಲಬೇಡಿ. ಸೆನ್ಸರಿನಲ್ಲಿ ಶಾಶ್ವತ ಚುಕ್ಕೆ, ಗೆರೆ ಬೀಳುತ್ತೆ. ಮೊಬೈಲಿಗೂ ಇದೇ ಅಪಾಯ.

ಕಿಸೆಕ್ಯಾಮೆರಾ

ನನ್ನ ಹತ್ತಿರ ಮೊಬೈಲ್ ಬಿಟ್ಟು ಬೇರೇನೂ ಇಲ್ಲ. ಈ ಚರ್ಚೆಯಲ್ಲಿ ನನಗೇನಾದರೂ ಇದೆಯಾ?

ಮಂದಬೆಳಕು

ಇದೆ. 1ಎಕ್ಸ್ ಮುಖ್ಯ ಲೆನ್ಸ್ ಬಿಟ್ಟು ಹೋಗಬೇಡಿ, ಅದರ ಸೆನ್ಸರೇ ದೊಡ್ಡದು, ಅಪರ್ಚರೂ ಅಗಲ. ನೈಟ್ ಮೋಡ್ ಆಫ್ ಮಾಡಿ. ಅದು ಸೆಕೆಂಡುಗಟ್ಟಲೆ ಬೆಳಕು ಕೂಡಿಸುತ್ತೆ, ಆಡೋ ಮನುಷ್ಯ ಹೊಗೆಯ ಹಾಗೆ ಬರ್ತಾರೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಚಿಹ್ನೆಯನ್ನ ಕೆಳಕ್ಕೆ ಎಳೀರಿ, ಮುಖದಲ್ಲಿ ಬಣ್ಣ ಕಾಣೋ ತನಕ. ಪ್ರೊ ಮೋಡ್ ಇದ್ದರೆ 1/100, ಐಎಸ್‌ಒ 1600ರಿಂದ ಶುರು ಮಾಡಿ, ರಾ ಆನ್ ಇರಲಿ. ಝೂಮ್ ಮಾಡೋ ಬದಲು ಹತ್ತಿರ ಹೋಗಿ. ಹತ್ತಿರ ಹೋಗೋಕಾಗಲ್ಲ ಅಂದರೆ ಹಿಂದಿನ ಲೈಟಿಗೆ ಎದುರಾಗಿ ಜನರ ತಲೆ, ಎತ್ತಿದ ಕೈ, ವೇದಿಕೆ ಸೇರಿಸಿ ಅಗಲ ಫ್ರೇಮ್ ಮಾಡಿ. ಮೊಬೈಲಿಗೆ ಹೇಳಿ ಮಾಡಿಸಿದ ಫೋಟೋ ಅದು. ಲೆನ್ಸನ್ನ ಅಂಗಿಗೆ ಒರೆಸೋದು ಮರೀಬೇಡಿ, ಬೆರಳಿನ ಜಿಡ್ಡಿದ್ದರೆ ಪ್ರತಿ ಲೈಟಿಗೂ ಉದ್ದ ಬಾಲ ಬರುತ್ತೆ.

ಬೇಸ್‌ತಂತಿ

ನುಡಿಸೋರ ಕಡೆಯಿಂದ: ನಮಗೆ 300 ಫೋಟೋ ಬೇಡ, 20 ಸಾಕು. ಆದರೆ ಆ 20ರಲ್ಲಿ ಪ್ರತಿಯೊಬ್ಬರದೂ ಒಂದು ಒಳ್ಳೇ ಮುಖ ಇರಬೇಕು, ಎಲ್ಲರೂ ಒಟ್ಟಿಗೆ ಕಾಣೋ ಎರಡು ಅಗಲ ಫ್ರೇಮ್, ಜನರ ಜೊತೆ ವೇದಿಕೆ ಒಂದು. ಅಡ್ಡ ಫೋಟೋಗಳ ಜೊತೆ ನಿಂತ ಫೋಟೋವೂ ಇರಲಿ. ಪೋಸ್ಟರಿಗೆ ಅಂತ ಒಂದು ಪಕ್ಕ ಖಾಲಿ ಕಪ್ಪು ಬಿಟ್ಟು ತೆಗೆದದ್ದು ಸಿಕ್ಕರೆ ಹಬ್ಬ, ಅಕ್ಷರ ಕೂರಿಸೋಕೆ ಜಾಗ ಬೇಕಲ್ಲ.

ಬೇಗ ಕೊಡಿ. ಮಾರನೇ ದಿನ ಐದೇ ಕೊಟ್ಟರೂ ಒಂದು ತಿಂಗಳ ಮೇಲೆ ಬರೋ ಐವತ್ತಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತೆ. ಫೋಟೋ ಹಾಕೋ ಮುಂಚೆ ಹೆಸರು ಹೇಗೆ ಬರೀಬೇಕು, ಏನಕ್ಕೆಲ್ಲಾ ಬಳಸಬಹುದು, ಮಾರಾಟದ ಸಾಮಾನಿಗೆ ಬೇಕಾದರೆ ಏನು ಮಾಡೋದು, ಇದನ್ನ ಒಂದು ಮೆಸೇಜಿನಲ್ಲಾದರೂ ಬರಹದಲ್ಲಿ ಮಾತಾಡ್ಕೊಳ್ಳಿ. ಎರಡೂ ಕಡೆಗೆ ಒಳ್ಳೇದು. ನಾವು ಫಿಲ್ಟರ್ ಹಾಕಿ ಕತ್ತರಿಸಿ ಹಾಕಿದರೆ ಬೇಜಾರಾಗುತ್ತೆ ಅಂದರೆ ಅದನ್ನೂ ಹೇಳಿಬಿಡಿ. ಸಭಿಕರಲ್ಲಿ ಮಕ್ಕಳ ಮುಖ ದೊಡ್ಡದಾಗಿ ಬಂದಿದ್ದರೆ ಮನೆಯವರನ್ನ ಕೇಳಿ ಆಮೇಲೆ ಹಾಕಿ.

ಬಣ್ಣದಪೆಟ್ಟಿಗೆ

ಕೊಡೋ ಅಳತೆ: ಜಾಲತಾಣಕ್ಕೆ ಉದ್ದ ಬದಿ 2048 ಪಿಕ್ಸೆಲ್, ಎಸ್‌ಆರ್‌ಜಿಬಿ (ಜಾಲತಾಣಗಳ ಮಾಮೂಲಿ ಬಣ್ಣಪದ್ಧತಿ), ಜೆಪೆಗ್ ಗುಣಮಟ್ಟ 80-85. ಎ3 ಪೋಸ್ಟರಿಗೆ 300 ಡಿಪಿಐ ಲೆಕ್ಕದಲ್ಲಿ 3508 × 4961 ಪಿಕ್ಸೆಲ್, ಹಾಗಾಗಿ ಪೋಸ್ಟರಿಗೆ ಪೂರ್ತಿ ಫೈಲ್ ಕೊಡಿ. ಅಡೋಬ್ ಆರ್‌ಜಿಬಿಯಲ್ಲಿ ಕಳಿಸಿದರೆ ಕೆಲವು ಆ್ಯಪ್‌ಗಳಲ್ಲಿ ಚರ್ಮ ಸತ್ತ ಬಣ್ಣಕ್ಕೆ ತಿರುಗುತ್ತೆ. ನಾಯ್ಸ್ ತೆಗೆಯೋ ಕೆಲಸ ರಾ ಫೈಲಿನ ಮೇಲೆ ಮೊದಲು ಮಾಡಿ, ಶಾರ್ಪನಿಂಗ್ ಕೊನೆಗೆ. ನಾಯ್ಸ್ ಪೂರ್ತಿ ಒರೆಸಬೇಡಿ, ಕೂದಲು ಪ್ಲಾಸ್ಟಿಕ್ಕಿನ ಹಾಗಾಗುತ್ತೆ.

ನಾದಪ್ರಿಯೆ

ಫೈಲಿನೊಳಗೇ ಮಾಹಿತಿ ಬರೆದಿಡೋ ಐಪಿಟಿಸಿ ಶೀರ್ಷಿಕೆಯ ಜಾಗದಲ್ಲಿ ಬ್ಯಾಂಡ್, ನುಡಿಸಿದವರ ಹೆಸರು, ವಾದ್ಯ, ಜಾಗ, ದಿನಾಂಕ ಅವತ್ತೇ ತುಂಬಿಸಿ. ಚಿಕ್ಕ ಬ್ಯಾಂಡುಗಳು ಒಡೆಯುತ್ತವೆ, ಜನ ಊರು ಬಿಡ್ತಾರೆ, ಆ ಜಾಗವೂ ಮುಚ್ಚಬಹುದು. ಊರಿನ ಸಂಗೀತಕ್ಕೆ ಬೇರೆ ಯಾರೂ ದಾಖಲೆ ಬರೀತಿರಲ್ಲ. ಹೆಸರಿಲ್ಲದ ಫೋಟೋ ಹತ್ತು ವರ್ಷದ ಮೇಲೆ ಯಾರಿಗೂ ಗುರುತು ಸಿಗಲ್ಲ. ಎರಡು ಬೇರೆ ಬೇರೆ ಡಿಸ್ಕಿಗೆ ನಕಲಾಗೋ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಇನ್ನೊಂದು ನಕಲು ಮನೆಯಾಚೆ ಇರಲಿ.

ಜೊತೆಗೆ ಪ್ರತಿ ಜಾಗಕ್ಕೂ ನಾಲ್ಕು ಸಾಲಿನ ಟಿಪ್ಪಣಿ ಇಟ್ಟುಕೊಳ್ಳಿ: ಎಫ್ 2ರಲ್ಲಿ ಐಎಸ್‌ಒ ಎಷ್ಟು, ಪಟ್ಟೆ ಬರದ ಶಟರ್ ಯಾವುದು, ವೇದಿಕೆಯ ಯಾವ ಮೂಲೆ ಕತ್ತಲು, ಜನರಿಗೆ ಅಡ್ಡವಾಗದೆ ನಿಲ್ಲೋ ಜಾಗ ಎಲ್ಲಿ. ಎರಡನೇ ಸಲ ಹೋದಾಗ ಸೆಟ್ಟಿಂಗ್ ಹುಡುಕೋ ಕೆಲಸ ಇರಲ್ಲ, ಒಂದೆರಡು ಹಾಡು ಪೂರ್ತಿ ಕೇಳೋಕೆ ಸಿಗುತ್ತೆ.

ಹೊಸಲೆನ್ಸ್

ಎಲ್ಲರಿಗೂ ಧನ್ಯವಾದ. ಕೊನೇದೊಂದು: ಲೈಟು ತಾನಾಗೇ ಕೆಂಪು ನೀಲಿ ಹಸಿರು ಅಂತ ಕುಣೀತಿರುತ್ತೆ, ಅದನ್ನ ನಡೆಸೋಕೆ ಯಾರೂ ಇರಲ್ಲ. ಸಂಘಟಕರಿಗೆ ಏನಂತ ಕೇಳಲಿ?

ಮಿಕ್ಸರ್‌ಹಿಂದೆ

ಅದು ಸೌಂಡ್ ಆ್ಯಕ್ಟಿವ್ ಅಥವಾ ಆಟೋ ಮೋಡಿನಲ್ಲಿದೆ. ಹೆಚ್ಚಿನ ಪಾರ್ ಲೈಟುಗಳ ಬೆನ್ನಲ್ಲಿ ಚಿಕ್ಕ ಡಿಸ್‌ಪ್ಲೇ, ಮೆನು ಗುಂಡಿ ಇರುತ್ತೆ. ಎಲ್ಲವನ್ನೂ ಬದಲಿಸಿ ಅಂತ ಕೇಳಬೇಡಿ, ಕುಣಿಯೋ ಲೈಟು ನೋಡೋರಿಗೆ ಇಷ್ಟ. ಹಾಡೋರ ಎಡ ಬಲ ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ಬೀಳೋ ಎರಡನ್ನ ಮಾತ್ರ ಸ್ಟ್ಯಾಟಿಕ್ ಬಣ್ಣಕ್ಕೆ ಹಾಕೋಕೆ ಕೇಳಿ, ಹಿಂದಿನವು ಕುಣಿಯಲಿ. ಬಿಳಿ ಚಿಪ್ ಇರೋ ಲೈಟಾದರೆ ಬಿಳಿ 255, ಅಂದರೆ ಪೂರ್ತಿ ಹೊಳಪು. ಪಟ್ಟೆಯ ಕಾಟವೂ ಅಲ್ಲಿ ಕಡಿಮೆ. ಕಣ್ಣಿಗೆ ಹೊಡೆಯುತ್ತೆ ಅಂದರೆ ತಗ್ಗಿಸೋ ಬದಲು ಲೈಟನ್ನ ಹಿಂದಕ್ಕೆ ಸರಿಸಿ, ಅಥವಾ ಮುಂದೆ ಶಾಖ ತಡೆಯೋ ಡಿಫ್ಯೂಶನ್ ಹಾಳೆ ಕಟ್ಟಿ. ಕೆಂಪೇ ಬೇಕು ಅಂತ ಬ್ಯಾಂಡಿನವರು ಹಠ ಹಿಡಿದರೆ ಕೆಂಪು 255ರ ಜೊತೆ ಬಿಳಿ 60ರಿಂದ 80 ಸೇರಿಸೋಕೆ ಹೇಳಿ. ಕಣ್ಣಿಗೆ ಆಗಲೂ ಕೆಂಪು ಛಾಯೆಯೇ ಕಾಣುತ್ತೆ, ನಿಮ್ಮ ಹಸಿರು ನೀಲಿ ಚಾನೆಲ್‌ಗಳಿಗೂ ಮುಖ ಕಾಣೋಷ್ಟು ಬೆಳಕು ಸಿಗುತ್ತೆ. ಇದನ್ನ ಕಾರ್ಯಕ್ರಮ ಶುರುವಾದ ಮೇಲೆ ಕೇಳಿದರೆ ಆಗಲ್ಲ, ಏಣಿ ಇನ್ನೂ ವೇದಿಕೆ ಮೇಲೆ ಇರೋವಾಗಲೇ ಕೇಳಿ.